ವಿಜ್ಞಾನಕಥಾಭಿಮಾನಿಗಳ ಹವ್ಯಾಸಿ ಪತ್ರಿಕೆಗಳು: ಒಂದು ಜಾನಪದೀಯ ನೋಟ

ಜಾನಪದವೆಂದರೆ ಅನಕ್ಷರಸ್ಥರ ಬಾಯಲ್ಲಿ ಉಳಿದುಬಂದದ್ದು ಮಾತ್ರ ಎಂಬ ಗ್ರಹಿಕೆ ಬಹುಕಾಲ ಬಲವಾಗಿತ್ತು. ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಜನಪದವೆನಿಸಿಕೊಳ್ಳಬಲ್ಲದು ಎಂದು ಅಮೆರಿಕದ ವಿದ್ವಾಂಸ ಅಲನ್ ಡಂಡಸ್ 1965ರಲ್ಲಿ ಪ್ರತಿಪಾದಿಸಿದ ಮೇಲೆ ಈ ಗ್ರಹಿಕೆ ಸಡಿಲವಾಯಿತು. ಕಾರ್ಖಾನೆ, ಕಚೇರಿ, ವಿದ್ಯಾರ್ಥಿನಿಲಯಗಳ ಮಾತು ಕತೆಗಳೂ ಅಧ್ಯಯನಕ್ಕೆ ಅರ್ಹವಾದವು. 1930ರಿಂದ ಅಂತರಜಾಲ ಬರುವವರೆಗೆ ಅಮೆರಿಕ ಮತ್ತು ಬ್ರಿಟನ್ನಿನ ವಿಜ್ಞಾನಕಥಾಪ್ರಿಯರು ತಾವೇ ಬರೆದು, ತಾವೇ ಪ್ರತಿ ತೆಗೆದು, ಅಂಚೆಯಲ್ಲಿ ಹಂಚಿಕೊಂಡ ಹವ್ಯಾಸಿ ಪತ್ರಿಕೆಗಳನ್ನು ಈ ನೆಲೆಯಿಂದ ನೋಡುವುದು ಅಗತ್ಯವಾಗಿದೆ. ಸಾಹಿತ್ಯ ಚರಿತ್ರೆಕಾರರು ಅವುಗಳಲ್ಲಿ ಮುಂದೆ ಪ್ರಸಿದ್ಧರಾದವರ ಮೊದಲ ಬರಹಗಳನ್ನು ಹುಡುಕಿದ್ದೇ ಹೆಚ್ಚು. ಆ ಪತ್ರಿಕೆಗಳನ್ನು ದಶಕಗಳ ಕಾಲ ನಡೆಸಿದ ಶಕ್ತಿ ಯಾವುದು ಎಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದಿಲ್ಲ.

ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಿಕವನ್ನು ಆರಂಭಿಸಿದನು. ಅದರ ವಾಚಕರ ಪತ್ರಗಳ ಅಂಕಣದಲ್ಲಿ ಬರೆದವರ ಹೆಸರಿನೊಡನೆ ಪೂರ್ಣ ವಿಳಾಸವೂ ಅಚ್ಚಾಗುತ್ತಿತ್ತು. ಸಂಪಾದಕನಿಗೆ ಬರೆಯುತ್ತಿದ್ದವರು ಆ ವಿಳಾಸಗಳ ಆಧಾರದಿಂದ ಪರಸ್ಪರ ಬರೆಯತೊಡಗಿದರು. ಹೀಗೆ ಹುಟ್ಟಿದ ಪತ್ರಮಿತ್ರರ ಸಂಘವೊಂದು 1930ರ ಮೇ ತಿಂಗಳಲ್ಲಿ 'ದ ಕಾಮೆಟ್' ಎಂಬ ಸಂಚಿಕೆಯನ್ನು ಹೊರತಂದಿತು. ರೇಮಂಡ್ ಪಾಮರ್ ಅದರ ಸಂಪಾದಕ. ಈ ಬಗೆಯ ಮೊದಲ ಪತ್ರಿಕೆ ಇದೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. 'ಫ್ಯಾನ್‌ಜೀನ್' ಎಂಬ ಹೆಸರನ್ನು ಲೂಯಿ ರಸೆಲ್ ಶೋವೆನೆ ತನ್ನ ಪತ್ರಿಕೆಯಲ್ಲಿ ಬಳಸಿದ್ದು 1940ರ ಅಕ್ಟೋಬರಿನಲ್ಲಿ. ವಸ್ತು ಹುಟ್ಟಿ ಹತ್ತು ವರ್ಷಗಳ ಬಳಿಕ ಅದಕ್ಕೆ ನಾಮಕರಣವಾಯಿತು. ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ 1933ರ ಜನವರಿಯಲ್ಲಿ ತಮ್ಮ ಇಂಥದೇ ಪತ್ರಿಕೆಯಲ್ಲಿ 'ಸೂಪರ್‌ಮ್ಯಾನ್' ಎಂಬ ಹೆಸರಿನ ಖಳನೊಬ್ಬನನ್ನು ಸೃಷ್ಟಿಸಿದ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಹೇಳಬೇಕಾದ್ದು ಅದಕ್ಕಿಂತ ಬಹಳಷ್ಟಿದೆ.

ಪ್ರತಿ ತೆಗೆಯುವ ವಿಧಾನಗಳು ಮುಖ್ಯವಾಗಿ ಎರಡು. ಮೊದಲನೆಯದು ಹೆಕ್ಟೋಗ್ರಾಫ್. ವಿಶೇಷ ಶಾಯಿಯಲ್ಲಿ ಬರೆದ ಮೂಲಹಾಳೆಯನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿದ ಜಿಲೆಟಿನ್ ಮೇಲೆ ಒತ್ತಿದರೆ ಶಾಯಿ ಅದರೊಳಗೆ ಇಳಿಯುತ್ತದೆ. ಬಳಿಕ ಬಿಳಿಹಾಳೆಗಳನ್ನು ಒಂದೊಂದಾಗಿ ಒತ್ತಿ ತೆಗೆಯಬೇಕು. ಸುಮಾರು ಐವತ್ತು ಪ್ರತಿಗಳಾಗುವಷ್ಟರಲ್ಲಿ ನೇರಳೆ ಅಕ್ಷರ ಮಸುಕಾಗುತ್ತದೆ. ಎರಡನೆಯದು ಕರ್ನಾಟಕದ ಶಾಲೆ, ಕಚೇರಿಗಳಲ್ಲೂ ಒಂದು ಕಾಲಕ್ಕೆ ಚಿರಪರಿಚಿತವಾಗಿದ್ದ ಸೈಕ್ಲೋಸ್ಟೈಲ್. ಬೆರಳಚ್ಚು ಯಂತ್ರದ ರಿಬ್ಬನ್ನನ್ನು ಸರಿಸಿ ಮೇಣದ ಸ್ಟೆನ್ಸಿಲ್ ಮೇಲೆ ಅಕ್ಷರಗಳನ್ನು ಕೊರೆದು, ಉರುಳೆಗೆ ಸುತ್ತಿ, ಹಿಡಿಕೆ ತಿರುಗಿಸುವುದು. ತಪ್ಪಾದೆಡೆ ಬಳಿಯುವ ತಿದ್ದುದ್ರಾವಣಕ್ಕೂ ಈ ಗುಂಪಿನಲ್ಲಿ 'ಕಾರ್‌ಫ್ಲೂ' ಎಂಬ ಮುದ್ದಿನ ಹೆಸರಿತ್ತು. ಇಷ್ಟು ಶ್ರಮಪಟ್ಟು ಮಾಡಿದ್ದನ್ನು ಬಹುಪಾಲು ಮಂದಿ ಹಣಕ್ಕೆ ಮಾರುತ್ತಿರಲಿಲ್ಲ.

ಬೆಲೆಯ ಜಾಗದಲ್ಲಿ ಅನೇಕ ಪತ್ರಿಕೆಗಳು 'ದ ಯೂಷುಯಲ್', ಅಂದರೆ 'ಎಂದಿನಂತೆ', ಎಂದು ಮಾತ್ರ ನಮೂದಿಸುತ್ತಿದ್ದವು. ಓದುಗನು ಪ್ರತಿಯಾಗಿ ತನ್ನ ಪತ್ರಿಕೆಯನ್ನು ಕಳುಹಿಸಬೇಕು, ಇಲ್ಲವೇ ಲೇಖನವನ್ನೋ ಚಿತ್ರವನ್ನೋ ಕೊಡಬೇಕು, ಅದೂ ಆಗದಿದ್ದರೆ ಸಂಚಿಕೆಯ ಬಗೆಗೆ ಸವಿವರವಾದ ಪತ್ರ ಬರೆಯಬೇಕು. ಕನ್ನಡನಾಡಿನ ಹಳ್ಳಿಗಳ ಮುಯ್ಯಿ ಪದ್ಧತಿಯನ್ನು ಬಲ್ಲವರಿಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಬರೆದಿಟ್ಟುಕೊಂಡು ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸುವುದು, ನಾಟಿಗೆ ಬಂದ ಮುಯ್ಯಾಳಿನ ಋಣವನ್ನು ಅವರ ಗದ್ದೆಯಲ್ಲಿ ದುಡಿದು ತೀರಿಸುವುದು: ಇವೆರಡರಲ್ಲೂ ಋಣ ಪೂರ್ತಿ ತೀರಿದರೆ ಸಂಬಂಧವೇ ಮುಗಿದಂತೆ. ಅಭಿಮಾನಿ ಪತ್ರಿಕೆಯಲ್ಲೂ ಹಾಗೆಯೇ. ಬಂದ ಸಂಚಿಕೆಗೆ ಬರೆದ ಪತ್ರ ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತಿತ್ತು. ಅದನ್ನು ಕಂಡವನು ಮತ್ತೆ ಬರೆಯದೆ ಇರಲಾರ. ಮೌನವಾಗಿ ಕುಳಿತವನ ಹೆಸರು ವಿಳಾಸಪಟ್ಟಿಯಿಂದ ಬಿದ್ದುಹೋಗುತ್ತಿತ್ತು.

ಡೊನಾಲ್ಡ್ ವೊಲ್‌ಹೈಮ್ 1937ರಲ್ಲಿ ಸ್ಥಾಪಿಸಿದ 'ಫಾಪಾ' ಎಂಬ ಹವ್ಯಾಸಿ ಮುದ್ರಕರ ಕೂಟ ಈ ವ್ಯವಹಾರಕ್ಕೆ ಕಟ್ಟಲೆ ರೂಪಿಸಿತು. ಪ್ರತಿ ಸದಸ್ಯನೂ ಎಲ್ಲ ಸದಸ್ಯರಿಗೆ ಸಾಕಾಗುವಷ್ಟು ಪ್ರತಿಗಳನ್ನು ಅಧಿಕೃತ ಸಂಪಾದಕನಿಗೆ ಕಳುಹಿಸುತ್ತಿದ್ದ. ಅವನು ಅವುಗಳನ್ನು ಜೋಡಿಸಿ ಮೂರು ತಿಂಗಳಿಗೊಮ್ಮೆ ಕಟ್ಟಾಗಿ ಎಲ್ಲರಿಗೂ ಹಂಚುತ್ತಿದ್ದ. ಒಂದು ಕಟ್ಟಿನ ಬರಹಗಳಿಗೆ ಮುಂದಿನ ಕಟ್ಟಿನಲ್ಲಿ ಟಿಪ್ಪಣಿ, ಆ ಟಿಪ್ಪಣಿಗೆ ಅದರ ಮುಂದಿನದರಲ್ಲಿ ಉತ್ತರ. ವರ್ಷಗಟ್ಟಲೆ ಸಾಗುವ ಸವಾಲ್ ಜವಾಬಿನಂತೆ ಇದು ನಡೆಯಿತು.

ಹೀಗೆ ಬೆಸೆದುಕೊಂಡ ಗುಂಪು ತನ್ನದೇ ನುಡಿಯನ್ನೂ ಪುರಾಣವನ್ನೂ ಕಟ್ಟಿಕೊಂಡಿತು. 'ಘು' ಎಂಬ ಅಣಕು ದೇವರು, ಅವನಿಗೆ ಎದುರಾಳಿಯಾದ ಇನ್ನೊಂದು ದೇವರು, ಪದದ ಮೊದಲ ವ್ಯಂಜನಕ್ಕೆ ಹಕಾರವನ್ನು ಸೇರಿಸಿ ಬರೆಯುವ ಚಾಳಿ ಇವೆಲ್ಲ ಒಳಗಿನವರನ್ನು ಹೊರಗಿನವರಿಂದ ಬೇರ್ಪಡಿಸುವ ಗುರುತುಗಳಾದವು. ಬೆಲ್‌ಫಾಸ್ಟ್‌ನ ವಾಲ್ಟ್ ವಿಲ್ಲಿಸ್ ಮತ್ತು ಬಾಬ್ ಶಾ 1954ರಲ್ಲಿ ಬರೆದ 'ದ ಎನ್‌ಚಾಂಟೆಡ್ ಡುಪ್ಲಿಕೇಟರ್' ಈ ಜನಪದದ ಪ್ರಾತಿನಿಧಿಕ ಕಥನ. ಜೋಫಾನ್ ಎಂಬ ಯುವಕ ಮಾಂತ್ರಿಕ ಸೈಕ್ಲೋಸ್ಟೈಲ್ ಯಂತ್ರವನ್ನು ಅರಸಿ ಹೊರಡುತ್ತಾನೆ. ಏಳು ಸಮುದ್ರದಾಚೆಯ ವಸ್ತುವಿಗಾಗಿ ಹೊರಡುವ ರಾಜಕುಮಾರನ ಕತೆಯ ಆಶಯಗಳೆಲ್ಲ ಇಲ್ಲಿವೆ. ಯಂತ್ರದ ಮಾಯೆ ಅದರ ಹಿಡಿಕೆ ತಿರುಗಿಸುವ ನಿಜವಾದ ಅಭಿಮಾನಿಯಲ್ಲಿದೆ ಎಂದು ಕೊನೆಯಲ್ಲಿ ಅರಿವಾಗುತ್ತದೆ.

ಇದೇ ವಿಲ್ಲಿಸ್‌ನನ್ನು 1952ರ ಷಿಕಾಗೋ ಸಮ್ಮೇಳನಕ್ಕೆ ಕರೆಸಿಕೊಳ್ಳಲು ಅಮೆರಿಕದ ಅಭಿಮಾನಿಗಳು ಚಂದಾ ಎತ್ತಿದರು. ಅದುವರೆಗೆ ಅವರು ಅವನನ್ನು ಬಲ್ಲದ್ದು ಬಹುಮಟ್ಟಿಗೆ ಕಾಗದದಲ್ಲಿ. ಕಾಗದದ ಪರಿಚಯ ಎಷ್ಟು ಗಾಢವೋ ಅಷ್ಟೇ ಅಪೂರ್ಣವೂ ಆಗಿರಬಲ್ಲದು: 'ಕ್ವಾಂಡ್ರಿ' ಪತ್ರಿಕೆಯ ಲೀ ಹಾಫ್‌ಮನ್ ಗಂಡಸೆಂದೇ ಬಹುತೇಕರು ನಂಬಿದ್ದರು, 1951ರ ನ್ಯೂ ಆರ್ಲಿಯನ್ಸ್ ಸಮ್ಮೇಳನಕ್ಕೆ ಆಕೆ ಬಂದಾಗಲೇ ನಿಜ ತಿಳಿಯಿತು.

ಕನ್ನಡದಲ್ಲಿ ಮುಯ್ಯಿಗೆ ಸೇಡು ಎಂಬ ಅರ್ಥವೂ ಇದೆಯಷ್ಟೆ. ಅದಕ್ಕೂ ಇಲ್ಲಿ ನಿದರ್ಶನವುಂಟು. 1939ರ ಜುಲೈ 2ರಂದು ನ್ಯೂಯಾರ್ಕಿನಲ್ಲಿ ಆರಂಭವಾದ ಮೊದಲ ವಿಶ್ವ ಸಮ್ಮೇಳನದಿಂದ ವೊಲ್‌ಹೈಮ್, ಫ್ರೆಡರಿಕ್ ಪೋಲ್ ಸೇರಿದಂತೆ ಆರು ಮಂದಿಯನ್ನು ಹೊರಗಿಡಲಾಯಿತು. ಆ ಜಗಳ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಮುಂದುವರಿಯಿತು. ಹೊರಗಿಟ್ಟ ಸಂಘಟಕರಲ್ಲೊಬ್ಬನಾದ ಸ್ಯಾಮ್ ಮೊಸ್ಕೊವಿಟ್ಸ್ ಬರೆದ ಅಭಿಮಾನಿ ಬಳಗದ ಚರಿತ್ರೆ 'ದ ಇಮ್ಮಾರ್ಟಲ್ ಸ್ಟಾರ್ಮ್' ಕೂಡ ಮೊದಲು ಹವ್ಯಾಸಿ ಪತ್ರಿಕೆಯಲ್ಲೇ ಧಾರಾವಾಹಿಯಾಗಿ ಬಂದಿತು. ಘಟನೆ ಒಂದೇ ಆದರೂ ಎರಡೂ ಪಕ್ಷಗಳ ನಿರೂಪಣೆಗಳನ್ನು ಪಾಠಾಂತರಗಳಂತೆ ಎದುರುಬದುರು ಇರಿಸಿಯೇ ಓದಬೇಕಾಗುತ್ತದೆ.

ಗ್ರಂಥಾಲಯಗಳ ಮುಂದಿರುವ ತೊಡಕೂ ಇಲ್ಲಿಯೇ ಇದೆ. ಅಯೋವಾ ವಿಶ್ವವಿದ್ಯಾಲಯದ ಹೆವಲಿನ್ ಸಂಗ್ರಹ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಈಟನ್ ಸಂಗ್ರಹ ಮೊದಲಾದವುಗಳಲ್ಲಿ ಈ ಪತ್ರಿಕೆಗಳು ಬೃಹತ್ ಪ್ರಮಾಣದಲ್ಲಿ ಸೇರಿವೆ. ಅಗ್ಗದ ಕಾಗದ ಪುಡಿಯಾಗುತ್ತದೆ. ನೇರಳೆ ಶಾಯಿ ಬೆಳಕಿಗೆ ಒಡ್ಡಿದಷ್ಟೂ ಅಳಿಯುತ್ತದೆ. ಬಿಂಬಗ್ರಹಣದಿಂದ ಅಕ್ಷರಗಳನ್ನು ಉಳಿಸಿಕೊಳ್ಳಬಹುದು. ಆದರೆ ಒಂದು ಕಟ್ಟನ್ನು ಬಿಚ್ಚಿ, ಸಂಚಿಕೆಗಳನ್ನು ಶೀರ್ಷಿಕೆಯ ಅಕಾರಾದಿಯಲ್ಲಿ ಬೇರೆಬೇರೆ ಪೆಟ್ಟಿಗೆಗಳಿಗೆ ಹಂಚಿದರೆ, ಯಾರ ಮಾತಿಗೆ ಯಾರು ಉತ್ತರ ಕೊಟ್ಟರು ಎಂಬುದೇ ತಪ್ಪಿಹೋಗುತ್ತದೆ. ಆದ್ದರಿಂದ ಸೂಚಿಯಲ್ಲಿ ಶೀರ್ಷಿಕೆ, ಸಂಪಾದಕ, ದಿನಾಂಕಗಳೊಡನೆ ಆ ಪ್ರತಿ ಯಾವ ಕಟ್ಟಿನಲ್ಲಿ, ಯಾರಿಂದ ಯಾರಿಗೆ ಬಂದಿತೆಂಬುದನ್ನೂ ದಾಖಲಿಸುವುದು ಅವಶ್ಯಕ. ಹಿಂಬದಿಯ ಪುಟದಲ್ಲಿ ಕೈಯಿಂದ ಬರೆದ ವಿಳಾಸ, ಅಂಚೆಯ ಮೊಹರು, ಅಂಚಿನಲ್ಲಿ ಗೀಚಿದ 'ಇದು ನಿನ್ನ ಕೊನೆಯ ಸಂಚಿಕೆ' ಎಂಬಂಥ ಎಚ್ಚರಿಕೆ ಇವೂ ಪಠ್ಯದ ಭಾಗಗಳೇ.