ಎದೆನೋವು: ಬೆಳಗಾಗಲೆಂದು ಕಾಯಬೇಡಿ

ಹೊನ್ನೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದು ಬಂದ ಯಜಮಾನನಿಗೆ ನಡುರಾತ್ರಿ ಎದೆ ಹಿಂಡಿದಂತಾಗಿ ಮೈ ಬೆವರುತ್ತದೆ. "ವಾಯು ಇರಬೇಕು, ವಸಿ ಜೀರಿಗೆ ನೀರು ಕೊಡು" ಎನ್ನುತ್ತಾನೆ. ಹೆಂಡತಿಗೆ ಸಮಾಧಾನವಿಲ್ಲ, ಆದರೂ ನೆರೆಯವರನ್ನು ಎಬ್ಬಿಸಲು ಸಂಕೋಚ. ಈ ಸಂಕೋಚವೇ ಪ್ರಾಣಕ್ಕೆ ಎರವಾಗಬಹುದು.

ಹೃದಯವು ಒಂದು ಸ್ನಾಯು. ಅದಕ್ಕೆ ರಕ್ತವನ್ನೊದಗಿಸುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ನೀರು ಕಾಣದ ಪೈರಿನಂತೆ ಆ ಭಾಗವು ಸಾಯತೊಡಗುತ್ತದೆ. ಇದೇ ಹೃದಯಾಘಾತ. ಸತ್ತ ಭಾಗವು ಮತ್ತೆ ಚಿಗುರುವುದಿಲ್ಲ.

ಲಕ್ಷಣಗಳು: ಎದೆಯ ನಡುವೆ ಭಾರ, ಬಿಗಿತ ಅಥವಾ ಉರಿ, ಅದು ಭುಜ, ತೋಳು, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಏದುಸಿರು, ವಾಂತಿ, ತಲೆಸುತ್ತು. ಸ್ತ್ರೀಯರಲ್ಲಿ, ವೃದ್ಧರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರಿಯ ಸುಸ್ತು, ಏದುಸಿರು ಕಾಣಬಹುದು. ಆದುದರಿಂದ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಹೆಂಡತಿ ಎಂದೂ ಇಲ್ಲದ ಸುಸ್ತಿನಿಂದ ಬೆವತು ಕುಳಿತರೆ, ಗಂಡನು ಅದನ್ನು ಕೆಲಸದ ಆಯಾಸವೆಂದು ಕಡೆಗಣಿಸಬಾರದು.

ಮಾಡಬೇಕಾದುದು: ಇಂತಹ ನೋವು ವಿಶ್ರಾಂತಿಯಿಂದ ಐದು ನಿಮಿಷದೊಳಗೆ ಹೋಗದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಏದುಸಿರು, ಬೆವರು ಅಥವಾ ತಲೆಸುತ್ತು ಜೊತೆಗಿದ್ದರೆ ಅಷ್ಟೂ ಕಾಯಬೇಡಿ. ರೋಗಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಬಟ್ಟೆ ಸಡಿಲಿಸಿ. ನಡೆಸಬೇಡಿ, ಅವರೇ ಬೈಕು ಓಡಿಸಿಕೊಂಡು ಹೋಗಲು ಬಿಡಬೇಡಿ, ಊಟ ಕೊಡಬೇಡಿ. ವೈದ್ಯರು ಹೇಳಿದರೆ ಮಾತ್ರ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಿಸಿ.

ಪ್ರಜ್ಞೆ ತಪ್ಪಿ ಸಹಜವಾಗಿ ಉಸಿರಾಡದಿದ್ದರೆ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದನ್ನಿಟ್ಟು, ಸುಮಾರು ಎರಡು ಅಂಗುಲ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ನೆರವು ಬರುವವರೆಗೆ ನಿಲ್ಲಿಸಬೇಡಿ.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ, ಹಠಾತ್ತನೆ ಹೃದಯ ಸ್ತಂಭನದಿಂದ ನಿಧನರಾದರು. ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಡಿ ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇಸಿಜಿ ತೆಗೆದು, ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳ ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ನೋವು ಆರಂಭವಾದ ಮೊದಲ ಗಂಟೆಗಳಲ್ಲಿ ಇದರ ಗುಣ ಹೆಚ್ಚು. ಹನ್ನೆರಡು ಗಂಟೆ ಕಳೆದ ಮೇಲೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಬೆಳಗಾಗಲೆಂದು ಕಾಯುವವರು ಕಳೆದುಕೊಳ್ಳುವುದು ಈ ಗಂಟೆಗಳನ್ನೇ.

ದಂಪತಿಗಳೇ, ಈ ಚುಚ್ಚುಮದ್ದು ಯಳಂದೂರಿನಲ್ಲಿ ದೊರೆಯುವುದೋ, ಕೊಳ್ಳೇಗಾಲದಲ್ಲೋ, ಚಾಮರಾಜನಗರದಲ್ಲೋ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಇಂದೇ ಕೇಳಿ ತಿಳಿದುಕೊಳ್ಳಿ. ಎದೆನೋವು ಬಂದವರು "ಬೇಡ" ಎಂದರೂ ಇನ್ನೊಬ್ಬರು ಕರೆ ಮಾಡಬೇಕೆಂದು ಈಗಲೇ ಮಾತಾಡಿಕೊಳ್ಳಿ. ಆಸ್ಪತ್ರೆಗೆ ಹೋಗಿ ಅದು ವಾಯುವೆಂದೇ ತಿಳಿದುಬಂದರೆ ನಷ್ಟವೇನಿಲ್ಲ. ವಾಯುವೆಂದು ಮನೆಯಲ್ಲೇ ಉಳಿದರೆ ಆಗುವ ನಷ್ಟ ತುಂಬಿ ಬಾರದು.