ಪಲ್ಲಕ್ಕಿ ನಿಂತಲ್ಲಿ ಮಜಲಿನ ಆಟ

ಮೆರವಣಿಗೆ ಸಾಗುತ್ತಿರುವಾಗ ವಾದ್ಯವನ್ನು ಯಾರೂ ಗಮನವಿಟ್ಟು ಕೇಳುವುದಿಲ್ಲ. ಮುಂದೆ ಆರತಿ ಹಿಡಿದ ಹೆಣ್ಣುಮಕ್ಕಳು, ಹಿಂದೆ ಪಲ್ಲಕ್ಕಿ, ನಡುವೆ ಕೂಸುಗಳನ್ನು ಹೆಗಲಿಗೇರಿಸಿಕೊಂಡ ಅಪ್ಪಂದಿರು. ಎಲ್ಲರ ಲಕ್ಷ್ಯವೂ ಕಾಲ ಕೆಳಗಿನ ಹಾದಿಯ ಮೇಲೆ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಜಾತ್ರೆಗಳಲ್ಲಿ ಪಲ್ಲಕ್ಕಿ ಅಗಸಿಯಲ್ಲೋ ನಾಲ್ಕು ಓಣಿ ಕೂಡುವಲ್ಲೋ ನಿಂತಿತೆಂದರೆ ಸಂಗತಿಯೇ ಬೇರೆ. ಹೊತ್ತವರು ಹೆಗಲು ಬದಲಿಸುತ್ತಾರೆ, ಮನೆಮನೆಯಿಂದ ಕಾಯಿ-ಕರ್ಪೂರ ಬರುತ್ತವೆ. ಆ ಹೊತ್ತಿನಲ್ಲಿ ದೇವರು ಭಕ್ತರ ಪಾಲು, ಬೀದಿ ವಾದ್ಯದವರ ಪಾಲು. ಯಾರೂ ಹೇಳದೆ ಜನ ಹಿಂದೆ ಸರಿದು ದುಂಡಗೆ ಜಾಗ ಬಿಡುತ್ತಾರೆ. ಕರಡಿ ಮಜಲು ಎಂಬ ವಾದ್ಯಮೇಳದ ನಿಜವಾದ ಆಟ ಶುರುವಾಗುವುದು ಆಗ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯವರಿಗೆ ಇದನ್ನು ಪರಿಚಯ ಮಾಡಿಕೊಡುವ ಗರಜು ಇಲ್ಲ. ದಕ್ಷಿಣದವರು ಮಾತ್ರ ಮೈಸೂರು ದಸರೆಯ ಜಂಬೂ ಸವಾರಿಯಲ್ಲಿ ಇದನ್ನು ಕೆಲವೇ ಸೆಕೆಂಡು ನೋಡಿರುತ್ತಾರೆ. ಅಷ್ಟರಲ್ಲಿ ಟೀವಿ ಕ್ಯಾಮೆರಾ ಆನೆಯ ಕಡೆ ಹೊರಳಿರುತ್ತದೆ. ಕರಡಿ ಎಂಬುದು ಎರಡು ಮುಖದ ಚರ್ಮವಾದ್ಯ. ಮರದ ಹೊಳವಿಗೆ ಎರಡೂ ಬದಿ ಚರ್ಮ ಬಿಗಿದು, ಮೈಗೆ ತೂಗುಹಾಕಿಕೊಂಡು ಬಾರಿಸುತ್ತಾರೆ. ಇದರ ವಂಶಾವಳಿ ಹಳೆಯದು. ಹಳಗನ್ನಡ ಕಾವ್ಯಗಳ ವಾದ್ಯವರ್ಣನೆಯಲ್ಲಿ ಕರಡೆ ಬರುತ್ತದೆ. 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿ ಚರ್ಮವಾದ್ಯಗಳ ಸಾಲಿನಲ್ಲಿ ಕರಟಾ ಇದೆ. ಕರಡಿಯ ಜೊತೆಗೆ ರಾಗಕ್ಕೆ ಸನಾದಿ, ಅಂದರೆ ಶಹನಾಯಿ. ಶ್ರುತಿ ಹಿಡಿಯಲು ಮತ್ತೊಬ್ಬ. ತಾಳಕ್ಕೆ ಚಳ್ಳಮ. ಕೆಲವು ಮೇಳಗಳಲ್ಲಿ ದಿಮ್ಮು ಎಂಬ ವಾದ್ಯವೂ ಸೇರುತ್ತದೆ. ಆಳು ಕೂಡಿದಷ್ಟು ಮೇಳ ದೊಡ್ಡದು. ಆದರೆ ಕರಡಿ ಕನಿಷ್ಠ ಎರಡು ಇರಲೇಬೇಕು. ಒಂದೇ ಇದ್ದರೆ ಮೆರವಣಿಗೆ ಸಾಗಬಹುದು, ಆಟ ಕಟ್ಟುವುದಿಲ್ಲ.

ನಿಂತ ಮೇಲೆ ಏನಾಗುತ್ತದೆ ನೋಡಿ. ಮೊದಲು ಸನಾದಿಯವನು ಒಂದು ಧಾಟಿ ಎತ್ತಿಕೊಳ್ಳುತ್ತಾನೆ. ಅದು ಭಜನೆ ಪದವಿರಬಹುದು, ಬಯಲಾಟದ ಮಟ್ಟಿರಬಹುದು, ಸಿನಿಮಾದ್ದೂ ಇರಬಹುದು. ಸುತ್ತ ನಿಂತವರಿಗೆ ಗೊತ್ತಿದ್ದರಾಯಿತು. ಕರಡಿಯವರು ಅವಸರ ಮಾಡುವುದಿಲ್ಲ. ನಡಿಗೆಯಲ್ಲಿ ತಂದ ಲಯವನ್ನು ಇಳಿಸುತ್ತ, ಪೆಟ್ಟು ಪೆಟ್ಟಿನ ನಡುವೆ ಜಾಗ ಬಿಡುತ್ತ ಹೋಗುತ್ತಾರೆ. ಹೊಸಬರಿಗೆ ಇದು ಸಪ್ಪೆ ಅನ್ನಿಸೀತು. ಬಲ್ಲವರು ಮಾತು ನಿಲ್ಲಿಸುವುದು ಇಲ್ಲಿಯೇ.

ಆಮೇಲೆ ಇಬ್ಬರು ಎದುರುಬದುರಾಗುತ್ತಾರೆ. ಒಬ್ಬ ಒಂದು ತುಣುಕು ಬಾರಿಸಿ ಬಿಡುತ್ತಾನೆ. ಇನ್ನೊಬ್ಬ ಅದನ್ನೇ ತಿರುಗಿ ಒಪ್ಪಿಸಿ ತುದಿಗೆ ತನ್ನದೊಂದು ಪೆಟ್ಟು ಸೇರಿಸುತ್ತಾನೆ. ಆ ಹೆಚ್ಚಿನ ಪೆಟ್ಟೇ ಸವಾಲು. ಮೊದಲಿನವನು ಅದನ್ನು ಎತ್ತಿಕೊಳ್ಳಲೇಬೇಕು, ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ನಿಂತ ಹುಡುಗರು ಬಿಡುವುದಿಲ್ಲ. ಹೀಗೆ ಕೊಟ್ಟು-ತೆಗೆದುಕೊಳ್ಳುತ್ತ ತುಣುಕುಗಳು ಸಣ್ಣವಾಗುತ್ತವೆ, ಲಯ ಏರುತ್ತದೆ. ಮೈಯೂ ಕೈಯ ಜೊತೆಗೆ ಮಾತಾಡತೊಡಗುತ್ತದೆ: ಸೊಂಟ ಬಾಗುತ್ತದೆ, ಒಬ್ಬ ಮುಂದೊತ್ತಿದರೆ ಇನ್ನೊಬ್ಬ ಹಿಂದೆ ಜಿಗಿಯುತ್ತಾನೆ, ವಾದ್ಯದ ಭಾರ ಇದೆಯೆಂಬುದೇ ಮರೆತುಹೋಗುತ್ತದೆ. ಈ ಗದ್ದಲದಲ್ಲಿ ಚಳ್ಳಮದವನನ್ನು ಯಾರೂ ನೋಡುವುದಿಲ್ಲ. ಅವನು ಅರೆಗಳಿಗೆ ತಪ್ಪಿದರೂ ಇಬ್ಬರ ಲೆಕ್ಕವೂ ಕೆಡುತ್ತದೆ, ಆದರೆ ಮೆಚ್ಚಿ ಕೊಡುವ ಆಯರಿನ ನೋಟು ಸಿಕ್ಕುವುದು ಕರಡಿಯವರ ರುಮಾಲಿಗೇ. ಇದು ಅನ್ಯಾಯವೆಂದು ನನ್ನ ಎಣಿಕೆ.

ಎಲ್ಲಕ್ಕಿಂತ ಮಜಾ ಮುಕ್ತಾಯದಲ್ಲಿದೆ. ಎಲ್ಲಿಗೆ ಬಂದು ಮುಗಿಯಬೇಕೆಂಬುದು ಬಾರಿಸುವವರಿಗೆ ಗೊತ್ತು, ಕೇಳುವವರಿಗೂ ಗೊತ್ತು. ಗೊತ್ತಿದ್ದೇ ಆಟ. ಮುಗಿಸಿದಂತೆ ಮಾಡುತ್ತಾರೆ, ಜನ ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಕರಡಿ ಮತ್ತೆ ಗುಡುಗುತ್ತದೆ. ಇನ್ನೊಮ್ಮೆ ಹಾಗೆಯೇ. ಕೊನೆಗೆ ಸನಾದಿಯ ಸ್ವರವೂ ಕರಡಿಯ ಪೆಟ್ಟೂ ಚಳ್ಳಮದ ಸದ್ದೂ ಒಂದೇ ಕಡೆ ಕೂಡಿದಾಗ ಸಿಳ್ಳೆ, ಕೇಕೆ. ಆ ಸುಖದ ಮುಕ್ಕಾಲು ಪಾಲು ತಡಮಾಡಿದ್ದರಿಂದ ಬಂದದ್ದು.

ಇಂಥದೇ ಒಂದು ಬಿಡುವಿನ ಹೊತ್ತನ್ನು ಅಮೆರಿಕದ ಕಾಲೇಜುಗಳು ದೊಡ್ಡ ಕಲೆಯಾಗಿ ಬೆಳೆಸಿಕೊಂಡಿವೆ. ಅಲ್ಲಿಯ ಫುಟ್‌ಬಾಲ್ ಪಂದ್ಯದ ಅರ್ಧ ಮುಗಿದು ಆಟಗಾರರು ಒಳಗೆ ಹೋದಾಗ ವಿದ್ಯಾರ್ಥಿಗಳ ಬ್ಯಾಂಡ್ ಮೈದಾನಕ್ಕಿಳಿಯುತ್ತದೆ. 1907ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡಿನವರು ಸಾಲು ಮುರಿದು ತಮ್ಮ ಕಾಲೇಜಿನ ಹೆಸರಿನ ಮೊದಲ ಅಕ್ಷರದ ಆಕಾರದಲ್ಲಿ ನಿಂತರು. ಅಲ್ಲಿಂದ ಮುಂದೆ ಮೈದಾನವೇ ಅವರಿಗೆ ಪಾಟಿಯಾಯಿತು. ಓಹಾಯೊ ಸ್ಟೇಟ್ ಬ್ಯಾಂಡು 1936ರಿಂದ ತನ್ನ ರಾಜ್ಯದ ಹೆಸರನ್ನು ಕೂಡುಬರಹದಲ್ಲಿ ನಡೆದು ಬರೆಯುತ್ತದೆ. ಅದರಲ್ಲಿ ‘ಐ’ ಅಕ್ಷರದ ಮೇಲಿನ ಚುಕ್ಕೆಯಾಗಿ ನಿಲ್ಲುವುದು ದೊಡ್ಡ ಕಹಳೆ ಹೊತ್ತ ಒಬ್ಬ ವಿದ್ಯಾರ್ಥಿ. ಅವನು ಬಂದೇ ಬರುತ್ತಾನೆಂದು ಸಾವಿರಾರು ಜನರಿಗೆ ಗೊತ್ತು, ಬಂದಾಗ ಎದ್ದು ನಿಂತು ಕೂಗುತ್ತಾರೆ. ನಮ್ಮ ಮುಕ್ತಾಯದ ಮಜಾ ಇದೇ ಜಾತಿಯದು. ಫ್ಲಾರಿಡಾ ಎ ಆ್ಯಂಡ್ ಎಂ ಎಂಬ ಕರಿಯರ ವಿಶ್ವವಿದ್ಯಾಲಯದಲ್ಲಿ 1946ರಿಂದ ವಿಲಿಯಂ ಫಾಸ್ಟರ್ ಕಟ್ಟಿ ಬೆಳೆಸಿದ ಬ್ಯಾಂಡು ಮೊಣಕಾಲು ಎದೆಯ ಕಡೆಗೆತ್ತಿ ಹೆಜ್ಜೆ ಹಾಕಿ, ಕುಣಿದು ನುಡಿಸಿತು. ಆ ಪರಂಪರೆಯ ಕಾಲೇಜುಗಳಲ್ಲಿ ಪಂದ್ಯ ಮುಗಿದ ಮೇಲೂ ಎರಡು ಬ್ಯಾಂಡುಗಳು ಎದುರಾಎದುರು ನಿಂತು ಒಬ್ಬರ ಮೇಲೊಬ್ಬರು ನುಡಿಸುತ್ತಾರೆ. ಗೋಕಾಕದವನೊಬ್ಬ ಅಲ್ಲಿದ್ದರೆ, ಯಾವ ಮೇಳದ್ದು ಮೇಲುಗೈ ಎಂದು ಪಕ್ಕದವನ ಜೊತೆ ಪೈಜು ಕಟ್ಟಿರುತ್ತಿದ್ದ.

ಬೆಳಗಾವಿ ಸೀಮೆಗೂ ಅಮೆರಿಕದ ಕಾಲೇಜು ಊರಿಗೂ ಒಂದು ಹಳೆಯ ನಂಟಿದೆ. ಸೇವಾದಳದ ನಾ.ಸು. ಹರ್ಡೀಕರರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ 1921ರಲ್ಲಿ ಮರಳಿದವರು. ಆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬ್ಯಾಂಡು ಹುಟ್ಟಿದ್ದು 1896ರಲ್ಲಿ. ಹರ್ಡೀಕರರು 1923ರ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ಶಿಸ್ತನ್ನು ದೇಶ ನೋಡಿತು. ಗೋಕಾಕ ತಾಲ್ಲೂಕಿನ ಘಟಪ್ರಭೆಯ ಕರ್ನಾಟಕ ಆರೋಗ್ಯ ಧಾಮದೊಂದಿಗೆ ಅವರ ಹೆಸರು ಬೆಸೆದುಕೊಂಡಿದೆ. ಕವಾಯತು, ಸಾಲು, ಒಂದೇ ಹೆಜ್ಜೆ ಈ ಭಾಗಕ್ಕೆ ಹೀಗೆ ರಾಷ್ಟ್ರೀಯ ಚಳವಳಿಯ ಹಾದಿಯಿಂದಲೂ ಬಂತು, ಫೌಜಿನ ಹಾದಿಯಿಂದಲೂ ಬಂತು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಅದರ ಬ್ಯಾಂಡಿನ ಸದ್ದು ಕೇಳಿ ಬೆಳೆದ ತಲೆಮಾರುಗಳಿವೆ. ಮದುವೆಯ ಬ್ಯಾಂಡ್ ಕಂಪನಿಗಳ ತುತ್ತೂರಿ, ಕ್ಲಾರಿಯೋನೆಟ್ಟು, ಜರಿ ಕೋಟುಗಳೆಲ್ಲ ದಂಡಿನ ಬ್ಯಾಂಡಿನಿಂದ ಇಳಿದು ಬಂದವೇ.

ಆದರೆ ಶಿಸ್ತೊಂದರಿಂದಲೇ ಜನರಿಗೆ ಖುಷಿ ಸಿಗುವುದಿಲ್ಲ. ಸಾಲು ನೆಟ್ಟಗಿದೆ ಎಂದು ಎರಡು ನಿಮಿಷ ಮೆಚ್ಚಬಹುದು. ಮೂರನೆಯ ನಿಮಿಷಕ್ಕೆ ಮುಂದೇನು ಎಂಬ ಕುತೂಹಲ ಬೇಕು, ಅದು ಹುಟ್ಟುವುದು ಎದುರಾಳಿ ಇದ್ದಾಗ. ಈ ನೆಲದ ರುಚಿಯೇ ಹಾಗೆ. ಗೀಗೀ ಪದದ ಹರದೇಶಿ-ನಾಗೇಶಿ ಮೇಳಗಳನ್ನು ನೆನೆಯಿರಿ: ಒಬ್ಬರದು ಪುರುಷನ ಪಕ್ಷ, ಇನ್ನೊಬ್ಬರದು ಶಕ್ತಿಯ ಪಕ್ಷ, ರಾತ್ರಿಯಿಡೀ ಸವಾಲು-ಜವಾಬು. ಶ್ರೀಕೃಷ್ಣ ಪಾರಿಜಾತವನ್ನು ಈಗಿನ ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ ಬಯಲಿಗೆ ಒಗ್ಗಿಸಿದ, ಕೌಜಲಗಿ ನಿಂಗಮ್ಮ ಅದನ್ನು ಮನೆಮಾತು ಮಾಡಿದಳು. ಅದರಲ್ಲಿಯೂ ಜನ ಕಾಯುವುದು ಭಾಗವತ ಮತ್ತು ದೂತಿಯ ಮಾತಿನ ಜಟಾಪಟಿಗೆ, ಕೃಷ್ಣನಿಗೂ ಗೊಲ್ಲತಿಗೂ ನಡೆಯುವ ತಕರಾರಿಗೆ. ಈ ಬಯಲಾಟಗಳ ನಡುವೆಯೇ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಬೆಳೆದ ಚಂದ್ರಶೇಖರ ಕಂಬಾರರು ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ತಮ್ಮ ಅಧ್ಯಯನದ ವಿಷಯ ಮಾಡಿಕೊಂಡರು. ಬಾಯಿಮಾತಿನಲ್ಲಿ ನಡೆಯುವ ಈ ಎದುರುತ್ತರವನ್ನು ಕರಡಿ ಮಜಲು ಚರ್ಮದ ಮೇಲೆ ನಡೆಸುತ್ತದೆ, ಅಷ್ಟೇ ವ್ಯತ್ಯಾಸ.

ಸನಾದಿಯದು ಬೇರೆ ಕತೆ. ಕರಡಿಗೆ ಕೈ ಹಾಕುವವರು ಹಲವರು. ಸನಾದಿ ಬಹುಮಟ್ಟಿಗೆ ಭಜಂತ್ರಿ ಮನೆತನಗಳ ವಿದ್ಯೆ. ಮೂಗಿನಿಂದ ಉಸಿರು ಎಳೆಯುತ್ತಲೇ ಗಲ್ಲದಲ್ಲಿ ಹಿಡಿದಿಟ್ಟ ಗಾಳಿಯನ್ನು ಪೀಪಿಗೆ ಕೊಡುತ್ತ, ಸ್ವರ ಹರಿಯದಂತೆ ನುಡಿಸುವುದನ್ನು ಮಕ್ಕಳು ಅಪ್ಪನ ಪಕ್ಕದಲ್ಲಿ ಶ್ರುತಿ ಹಿಡಿದು ನಿಂತು ಕಲಿಯುತ್ತಾರೆ. ಮಂಗಳಕಾರ್ಯ ಇವರಿಲ್ಲದೆ ನಡೆಯದು. ಕಾರ್ಯ ನಡೆಸುವ ಮನೆಯೊಳಗೆ ಮಾತ್ರ ಇವರಿಗೆ ಬಹುಕಾಲ ಜಾಗವಿರಲಿಲ್ಲ. ಗೋಕಾಕದಲ್ಲಿ ಮೇಷ್ಟರಾಗಿದ್ದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರ ಕತೆ 1977ರಲ್ಲಿ ‘ಸನಾದಿ ಅಪ್ಪಣ್ಣ’ ಸಿನಿಮಾ ಆಯಿತು. ತೆರೆಯ ಮೇಲೆ ರಾಜಕುಮಾರ್ ಹಿಡಿದ ವಾದ್ಯಕ್ಕೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಆ ಚಿತ್ರ ನೋಡಿ ಅತ್ತ ಊರುಗಳೆಷ್ಟೋ. ಸನಾದಿಯವರ ಪಗಾರ ಏರಿತೇ ಎಂದು ಮಾತ್ರ ಕೇಳಬಾರದು.

ಈಗ ಓಣಿಗಳಲ್ಲಿ ಹುಡುಗರ ಕಣ್ಣು ಹೆಚ್ಚಾಗಿ ಝಾಂಜ್ ಪಥಕದ ಮೇಲೆ. ಒಂದೇ ಬಣ್ಣದ ಅಂಗಿ, ಸೊಂಟಕ್ಕೆ ಢೋಲು, ಕೈಯಲ್ಲಿ ಝಾಂಜು. ಸಾಲು ಒಡೆದು ವೃತ್ತವಾಗುತ್ತಾರೆ, ವೃತ್ತ ಬಿಚ್ಚಿ ಮತ್ತೆ ಸಾಲಾಗುತ್ತಾರೆ. ಮಾಳಿಗೆಯ ಮೇಲಿಂದ ನೋಡುವವರಿಗೆ ಅಮೆರಿಕದ ಮೈದಾನದ ಬ್ಯಾಂಡಿಗೆ ಹತ್ತಿರದ ನೋಟ ಇದೇ. ಇದರಲ್ಲಿ ದೊಡ್ಡ ಗುಣವೆಂದರೆ ಬಾಗಿಲು ತೆರೆದಿರುವುದು: ಕೆಲವು ವಾರ ತಾಲೀಮು ಮಾಡಿದವರೂ ಸೇರಬಹುದು, ಹುಡುಗಿಯರ ಪಥಕಗಳೂ ಇವೆ. ಕೊರತೆ ಎಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ತಿರುಗಿ ಕೇಳುವವರಿಲ್ಲ. ಸದ್ದು ದೊಡ್ಡದಾಗುತ್ತ ಹೋಗುತ್ತದೆ, ಕತೆ ಮುಂದೆ ಹೋಗುವುದಿಲ್ಲ. ನಲವತ್ತು ಜನರ ನಡುವೆ ಇಬ್ಬರನ್ನು ಎದುರುಬದುರು ನಿಲ್ಲಿಸಿ, ಉಳಿದವರು ಲಯ ಹಿಡಿದು ಕಾದರೆ ಈ ಪಥಕಗಳ ರಂಗೇ ಬದಲಾದೀತು.

ಡೀಜೆ ಬಗ್ಗೆ ಎರಡೇ ಮಾತು. ಟ್ರ್ಯಾಕ್ಟರಿನಲ್ಲಿ ಹೇರಿದ ಪೆಟ್ಟಿಗೆಗೆ ದಣಿವಿಲ್ಲ, ಆದ್ದರಿಂದ ಅದಕ್ಕೆ ನಿಲ್ಲುವ ಕಾರಣವೂ ಇಲ್ಲ. ನಿಲುಗಡೆ ಇಲ್ಲದ ಮೆರವಣಿಗೆಯಲ್ಲಿ ಕುಣಿಯುವವರು ಸಿಗುತ್ತಾರೆ, ನೋಡುವವರು ಸಿಗುವುದಿಲ್ಲ.

ಕಾಲೇಜುಗಳು ಇಲ್ಲಿ ಏನಾದರೂ ಮಾಡಬಲ್ಲವೇ? ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ವಿಶ್ವವಿದ್ಯಾಲಯಗಳ ಯುವಜನೋತ್ಸವದ ಸ್ಪರ್ಧೆಗಳಲ್ಲಿ ಜಾನಪದ ವಾದ್ಯಮೇಳವೂ ಇದೆ, ಸಾಂಸ್ಕೃತಿಕ ಮೆರವಣಿಗೆಯೂ ಇದೆ. ಕರಡಿ ಬಲ್ಲ ಮನೆಯ ಹುಡುಗರು ಕಾಲೇಜಿನ ಹೆಸರಿನಲ್ಲಿ ಬಾರಿಸುವ ಅವಕಾಶ ಅದು. ತೊಡಕು ಗಡಿಯಾರದ್ದು. ವೇದಿಕೆಯ ಮೇಲೆ ನಿಮಿಷ ಎಣಿಸುವುದರಿಂದ ನಿಧಾನದ ಭಾಗವನ್ನೇ ಮೊದಲು ಕತ್ತರಿಸುತ್ತಾರೆ, ಮೇಳ ನೇರವಾಗಿ ದುಪ್ಪಟ್ಟು ಲಯಕ್ಕೆ ಜಿಗಿಯುತ್ತದೆ. ತೀರ್ಪುಗಾರರ ಕಡೆಗೆ ಮುಖ ಮಾಡಿ ಸಾಲಾಗಿ ನಿಲ್ಲುವುದರಿಂದ ಇಬ್ಬರು ಕರಡಿಯವರು ಒಬ್ಬರ ಕಣ್ಣು ಒಬ್ಬರು ನೋಡುವುದೇ ಕಷ್ಟವಾಗುತ್ತದೆ. ಬಹುಮಾನ ಬರಬಹುದು, ಜಗಳದ ಸೊಗಸು ಬರುವುದಿಲ್ಲ. ಇಂಥ ಸ್ಪರ್ಧೆಯನ್ನು ಕಾಲೇಜಿನ ಅಂಗಳದಲ್ಲಿ, ಸುತ್ತ ಜನ ನಿಂತು, ಎರಡು ಮೇಳ ಎದುರಿಗಿಟ್ಟು ನಡೆಸಲು ಹೆಚ್ಚಿನ ಖರ್ಚೇನೂ ಬೇಡ. ಕುರ್ಚಿಯ ಬಾಡಿಗೆ ಉಳಿಯುತ್ತದೆ.

ನೋಡಬೇಕೆನ್ನುವವರಿಗೆ ದಾರಿ ಹೇಳಬೇಕಲ್ಲ. ಮೂಡಲಗಿಯ ಶಿವಬೋಧರಂಗರ ಜಾತ್ರೆ ಇದೆ, ಹುಕ್ಕೇರಿ ತಾಲ್ಲೂಕಿನ ಬಡಕುಂದ್ರಿಯ ಹೊಳೆಮ್ಮನ ಜಾತ್ರೆ ಇದೆ. ಗೋಕಾಕದ ಮಹಾಲಕ್ಷ್ಮಿಯ ಜಾತ್ರೆ ವರ್ಷಕ್ಕೊಮ್ಮೆ ಸಿಗುವಂಥದಲ್ಲ. 2025ರಲ್ಲಿ ನಡೆದಾಗ ಅರಿಸಿನದ ಭಂಡಾರ ತೂರುವ ಹೊನ್ನಾಟಕ್ಕೆ ಊರೆಲ್ಲ ಹಳದಿಯಾಗಿತ್ತು. ಇವಕ್ಕೆ ಕಾಯಲಾಗದವರು ಶ್ರಾವಣದಲ್ಲಿ ಸುತ್ತಲಿನ ಹಳ್ಳಿಗಳ ಪಲ್ಲಕ್ಕಿ ವಿಚಾರಿಸಿಕೊಂಡು ಹೋಗಬಹುದು. ಮೆರವಣಿಗೆಯ ಹಿಂದೆ ನಡೆಯುತ್ತ ಬೆವರುವುದು ಬೇಡ. ಪಲ್ಲಕ್ಕಿ ಎಲ್ಲೆಲ್ಲಿ ನಿಲ್ಲುತ್ತದೆಂದು ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಮೊದಲೇ ಕೇಳಿ, ಅಲ್ಲಿಗೆ ಹೋಗಿ ಜಾಗ ಹಿಡಿಯಿರಿ. ಕರಡಿಯವರ ಎದುರಿಗೆ ನಿಲ್ಲುವುದಕ್ಕಿಂತ ಇಬ್ಬರ ನಡುವಿನ ಸಂದಿಗೆ ನೇರವಾಗಿ ನಿಂತರೆ ಸವಾಲು ಯಾರದು, ಜವಾಬು ಯಾರದು ಎಂಬುದು ಚೆನ್ನಾಗಿ ಕಾಣುತ್ತದೆ. ಆಯರು ಕೊಡುವ ಮನಸ್ಸಿದ್ದರೆ ಒಂದು ನೋಟು ಚಳ್ಳಮದವನಿಗೂ ಇರಲಿ.