ಈಚಲು: ಕಡಿಯುವ ಮುನ್ನ ಒಂದು ಮಾತು

ಕನಕಪುರದಿಂದ ಸಂಗಮದ ಕಡೆಗೆ ಹೋಗುವ ದಾರಿಯಲ್ಲಿ ದೊಡ್ಡಆಲಹಳ್ಳಿ ಸಿಗುತ್ತದೆ. ಇದು ಕಾಫಿಯ ಸೀಮೆಯಲ್ಲ; ರಾಗಿ, ಹಿಪ್ಪುನೇರಳೆ, ತೆಂಗಿನ ಸೀಮೆ. ಆದರೆ ಇಲ್ಲಿನ ಹಳ್ಳದ ದಂಡೆಗಳಲ್ಲಿ, ಹೊಲದ ಬದುಗಳಲ್ಲಿ ನಮ್ಮ ಅಡಿಕೆಯ ದಾಯಾದಿಯೊಂದು ಯಾರೂ ನೆಡದೆ, ನೀರೆರೆಯದೆ ಬೆಳೆಯುತ್ತದೆ. ಅದೇ ಈಚಲು. ಬದು ಸವರುವಾಗ ಮೊದಲು ಕೊಡಲಿಗೆ ಸಿಕ್ಕುವ ಮರವೂ ಅದೇ. ಕಡಿಯುವ ಮುನ್ನ ಅದು ಕೊಡುವ ಆಹಾರವನ್ನು ಒಮ್ಮೆ ಲೆಕ್ಕ ಹಾಕೋಣ.

ಹಣ್ಣು

ಈಚಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೆಣ್ಣು ಮರ ಮಾತ್ರ ಕಾಯಿ ಬಿಡುತ್ತದೆ. ಮುಂಗಾರಿನ ಹೊತ್ತಿಗೆ ಗೊನೆಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಆಗ ತಿಂದರೆ ಒಗರು. ಗೊನೆ ಕೊಯ್ದು ಹುಲ್ಲಿನಲ್ಲಿ ಮುಚ್ಚಿಟ್ಟರೆ ಕಂದು ಬಣ್ಣಕ್ಕೆ ಮಾಗಿ ಸಿಹಿಯಾಗುತ್ತದೆ. ಬೀಜ ದೊಡ್ಡದು, ತಿರುಳು ತೆಳು. ಆದರೂ ಪೇಟೆಯ ಖರ್ಜೂರದ ಹತ್ತಿರದ ನೆಂಟನೇ ಇದು.

ರಸ

ಈಚಲ ರಸವೆಂದರೆ ನಮ್ಮಲ್ಲಿ ಹೆಂಡವೇ ನೆನಪಿಗೆ ಬರುತ್ತದೆ. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪ ಮೊದಲಾದವರು ಈಚಲು ಮರ ಕಡಿಯುವ ಸತ್ಯಾಗ್ರಹವನ್ನೇ ನಡೆಸಿದರು. ಹೆಂಡದ ಅಪಕೀರ್ತಿ ಹೀಗೆ ಮರಕ್ಕೂ ಅಂಟಿತು. ಆದರೆ ಇದೇ ಮರದ ರಸದಿಂದ ಬಂಗಾಳದವರು ಚಳಿಗಾಲದಲ್ಲಿ ಹೆಸರಾಂತ ಬೆಲ್ಲ ಕಾಯಿಸುತ್ತಾರೆ. ಗರಿಗಳ ಕೆಳಗೆ ಕಾಂಡವನ್ನು ಕೆತ್ತಿ, ಇರುಳೆಲ್ಲ ಮಡಕೆಯಲ್ಲಿ ಇಳಿದ ರಸವನ್ನು ಬೆಳಗಿನ ತಂಪಿನಲ್ಲೇ ಇಳಿಸಿ ಒಲೆಗೇರಿಸುತ್ತಾರೆ. ಬಿಸಿಲೇರಿದರೆ ರಸ ಹುಳಿಯುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿಯುವುದು ತಡವಾಗುತ್ತದೆ. ನಮ್ಮಲ್ಲಿ ರಸ ಇಳಿಸುವುದು ಅಬಕಾರಿ ನಿಯಮಗಳಿಗೆ ಒಳಪಟ್ಟಿದೆ. ಪರವಾನಗಿಯಿಲ್ಲದೆ ಯಾರೂ ಕೈಹಾಕಬಾರದು.

ಸುಳಿ

ಸುಳಿಯ ಬುಡದ ಬಿಳಿ ತಿರುಳು ಮೆತ್ತಗೆ, ಸಿಹಿಯಾಗಿ ಹಸಿಯಾಗಿಯೇ ತಿನ್ನಲು ರುಚಿ. ಆದರೆ ಈ ರುಚಿಗೆ ಮರವೇ ಬೆಲೆ. ಈಚಲ ಕಾಂಡಕ್ಕೆ ಇರುವುದು ಒಂದೇ ಸುಳಿ. ಅದು ಹೋದರೆ ಆ ಮರ ಮತ್ತೆ ಚಿಗುರದು. ಸುಳಿ ಕೊಳೆತ ಅಡಿಕೆ ಮರವನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇಗೂ ತೆಗೆಯಲೇಬೇಕಾದ ಮರದಿಂದ ಮಾತ್ರ ಸುಳಿ ತೆಗೆಯುವುದು ನ್ಯಾಯ.

ಮಲೆನಾಡಿನ ಬಗನಿ

ಮಲೆನಾಡಿನ ಬೆಳೆಗಾರರ ತೋಟದಂಚಿನಲ್ಲಿ ಈಚಲಿನ ಬದಲು ಬಗನಿ, ಅಂದರೆ ಬೈನೆ, ಇರುತ್ತದೆ. ಅದರ ಕಾಂಡದ ತಿರುಳನ್ನು ಜಜ್ಜಿ, ನೀರಿನಲ್ಲಿ ತೊಳೆದು ಇಳಿಸಿದ ಹಿಟ್ಟು ಬರಗಾಲದಲ್ಲಿ ಗಂಜಿಯಾಗಿ ಜೀವ ಉಳಿಸಿದೆ. ಅದರ ಹಣ್ಣನ್ನು ಮಾತ್ರ ಮುಟ್ಟಬಾರದು; ರಸ ತಾಗಿದರೆ ಚರ್ಮ ತುರಿಸುತ್ತದೆ.

ಬೆಳೆಗಾರರು ಮಾಡಬೇಕಾದುದು

ಹಳ್ಳದ ದಂಡೆಯ ಈಚಲನ್ನು ಉಳಿಸಿರಿ. ಅದರ ಬೇರು ಮಣ್ಣನ್ನು ಹಿಡಿದಿಡುತ್ತದೆ. ಹೆಣ್ಣು ಮರಗಳನ್ನು ಗುರುತಿಸಿಟ್ಟು, ನಡುವೆ ಒಂದೆರಡು ಗಂಡು ಮರಗಳನ್ನೂ ಬಿಡಿರಿ. ಪರಾಗವಿಲ್ಲದೆ ಒಳ್ಳೆಯ ಹಣ್ಣಿಲ್ಲ. ಕಡಿಯಲೇಬೇಕಾದರೆ ಕಾಂಡವನ್ನು ತೋಟದ ಬಳಿ ಕೊಳೆಯಲು ಬಿಡಬೇಡಿ. ಕೊಳೆತ ಕಾಂಡದಲ್ಲಿ ಕುರುವಾಯಿ ದುಂಬಿ ಮರಿ ಮಾಡುತ್ತದೆ; ಹಸಿ ಗಾಯದ ವಾಸನೆಗೆ ಕೆಂಪು ಮೂತಿಹುಳು ಬರುತ್ತದೆ. ಎರಡೂ ತೆಂಗಿಗೆ ವೈರಿಗಳು.

ನೆಡುವ ಖರ್ಚಿಲ್ಲ, ಗೊಬ್ಬರದ ಖರ್ಚಿಲ್ಲ. ಮಳೆ ಕೈಕೊಟ್ಟ ವರ್ಷವೂ ಹಣ್ಣು ಬಿಡುವ ಮರವನ್ನು ಬದುವಿನಲ್ಲಿ ಇರಗೊಟ್ಟರೆ ನಮಗೆ ನಷ್ಟವೇನಿದೆ?